ನೌಬಾದಿನ ಸುರಂಗ ಬಾವಿಗಳನ್ನು ನಾನು ಮೇ ತಿಂಗಳಲ್ಲಿ ನೋಡಿದ ಬಗೆ

ಬೀದರ್ ನೋಡುವುದಿದ್ದರೆ ಚಳಿಗಾಲದಲ್ಲಿ ನೋಡಬೇಕು ಎಂದು ಕಲಬುರಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಕೋಟೆಯ ಮಟ್ಟಿಗೆ, ಅಷ್ಟೂರಿನ ಗೋರಿಗಳ ಮಟ್ಟಿಗೆ ಆ ಮಾತು ನಿಜ. ಆದರೆ ಆ ಊರಿನ ನೆಲದಡಿಯಲ್ಲಿ ಬಹಮನಿಯರ ಕಾಲದಲ್ಲಿ ಕೊರೆದ ಕಾಲುವೆಯನ್ನು ನೋಡಬೇಕೆನ್ನುವವರು ಮೇ ತಿಂಗಳ ಎರಡನೆಯ ವಾರದಲ್ಲಿ, ಅದೂ ನಡುಮಧ್ಯಾಹ್ನ, ಅಲ್ಲಿರಬೇಕು. ಇದನ್ನು ನಾನು ಎರಡು ಸಲ ಹೋಗಿ ಕಂಡುಕೊಂಡೆ.

ಮೊದಲ ಸಲ ಹೋದದ್ದು ಜನವರಿಯಲ್ಲಿ. ಕೋಟೆಯೆಲ್ಲ ಸುತ್ತಿ ಸಂಜೆ ನಾಲ್ಕರ ಹೊತ್ತಿಗೆ ಬೀದರಿನ ಅಂಚಿನ ನೌಬಾದ್ ತಲುಪಿ, ಆ ಕಾಲುವೆಗೆ ಇಳಿಯುವ ಬಾವಿಯೊಂದರೊಳಗೆ ಇಣುಕಿದಾಗ, ಎರಡಾಳು ಆಳದ ಕೆಳಗೆ ಕತ್ತಲೆಯ ಹೊರತು ಏನೂ ಕಾಣಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಉಪಾಯ ಹೊಳೆದದ್ದು ಮಕ್ಕಳಿಗೆ ಶೂನ್ಯ ನೆರಳಿನ ದಿನದ ಪಾಠ ಮಾಡುವಾಗ. ಬೀದರ್ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದಲ್ಲಿ ಅಲ್ಲಿ ಮಧ್ಯಾಹ್ನ 12.15ರ ಆಸುಪಾಸಿನಲ್ಲಿ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಹಾಗೆ ಬಂದಾಗ ಬಿಸಿಲು ಬಾವಿಯ ತಳ ಮುಟ್ಟಲೇಬೇಕು. ಜುಲೈ ಕೊನೆಗೂ ಸೂರ್ಯ ಮತ್ತೆ ನೆತ್ತಿಗೆ ಬರುತ್ತಾನೆ, ಆದರೆ ಆಗ ಮೋಡ ಬಿಡುವುದಿಲ್ಲ.

ಈ ಸಲ ಅಕ್ಕನ ಮಗಳನ್ನು ಕರೆದುಕೊಂಡು ಬೆಳಗಿನ ಜಾವದ ಬಸ್ಸಿಗೆ ಹುಮನಾಬಾದ್ ಮಾರ್ಗವಾಗಿ ಹೋದೆ. ಬಿಸಿಲೇರುವ ಮೊದಲು ಕೋಟೆಯ ಮೂರು ಸಾಲಿನ ಕಂದಕವನ್ನಷ್ಟೇ ನೋಡಿದೆವು. ಕೆಂಪು ಜಂಬಿಟ್ಟಿಗೆ ಬಂಡೆಯನ್ನು ಕಡಿದು, ನಡುವೆ ಗೋಡೆಯಂತೆ ಬಂಡೆಯನ್ನೇ ಉಳಿಸಿಕೊಂಡು ಮಾಡಿದ ಕಂದಕವದು. ಅದನ್ನು ಮೊದಲು ನೋಡಿದರೆ ಸುರಂಗದ ಕಥೆ ಸುಲಭವಾಗಿ ಅರ್ಥವಾಗುತ್ತದೆ. ಜಂಬಿಟ್ಟಿಗೆ ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು. ಮಳೆಯ ನೀರು ಅದರೊಳಗೆ ಇಳಿಯುತ್ತ ಹೋಗಿ, ಕೆಳಗಿನ ಗಟ್ಟಿ ಕರಿಕಲ್ಲಿನ ಪದರ ಸಿಕ್ಕಲ್ಲಿ ನಿಲ್ಲುತ್ತದೆ. ಆ ನೀರನ್ನು ಎತ್ತರದ ಕಡೆಯ ತಾಯಿಬಾವಿಯಿಂದ ಹಿಡಿದು, ನೆಲದಡಿಯಲ್ಲೇ ಅತಿ ಸಣ್ಣ ಇಳಿಜಾರು ಕೊಟ್ಟು, ಎತ್ತುವ ಕಷ್ಟವಿಲ್ಲದೆ ಜನವಸತಿಯತ್ತ ಹರಿಸುವುದೇ ಕರೇಜ್. ನೌಬಾದಿನದು ಸುಮಾರು 3 ಕಿಲೋಮೀಟರ್ ಉದ್ದವಿದ್ದು, 21 ಗಾಳಿಬಾವಿಗಳನ್ನು ಗುರುತಿಸಿದ್ದಾರೆ. ಅಗೆದ ಮಣ್ಣನ್ನು ಮೇಲೆತ್ತುವುದಕ್ಕೂ, ಒಳಗಿದ್ದವರಿಗೆ ಗಾಳಿ ಬೆಳಕು ಸಿಗುವುದಕ್ಕೂ ಇವೇ ದಾರಿ.

ಹನ್ನೊಂದೂವರೆಗೆ ಬಾವಿಯ ಬಳಿ ನಿಂತೆವು. ತಲೆಗೆ ಒದ್ದೆ ಟವೆಲ್, ಚೀಲದಲ್ಲಿ ಮಜ್ಜಿಗೆ ಬಾಟಲಿ, ಮೊಳಕ್ಕೊಂದು ಗಂಟು ಹಾಕಿದ ನೂಲಿನ ಹಗ್ಗ. ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು, "ಅಕ್ಕಾರ, ಅಂಚಿಗಿ ಹೋಗಬ್ಯಾಡ್ರಿ, ಕಲ್ಲು ಸಡ್ಲ ಅದ. ಮಕ್ಕೊಂಡು ನೋಡ್ರಿ," ಎಂದರು. ಅವರು ಹೇಳಿದಂತೆ ಬೋರಲು ಮಲಗಿ ನೋಡಿದೆವು. ಎಲ್ಲರೂ ಹಾಗೆಯೇ ನೋಡಬೇಕು. ಬಿಸಿಲು ಮೊದಲು ಪಡುವಣ ಗೋಡೆಯ ಮೇಲಿತ್ತು. ನೋಡನೋಡುತ್ತ ಅದು ಕೆಳಗಿಳಿಯಿತು. ಇಳಿದಂತೆಲ್ಲ ಹಾರೆಯ ಗುರುತುಗಳು ಒಂದೊಂದಾಗಿ ಎದ್ದು ಬಂದವು: ಬೆರಳಗಲದ ಓರೆ ಗೀರುಗಳು, ಒಂದೇ ಕೈ ಒಂದೇ ಲಯದಲ್ಲಿ ಕಡಿದಂತೆ. 12.15ಕ್ಕೆ ತಳದಲ್ಲಿ ಗೇಣಗಲದ ನೀರು ಫಳ್ಳನೆ ಹೊಳೆಯಿತು, ಸುರಂಗದ ಬಾಯಿ ಎರಡೂ ಕಡೆಗೆ ಸ್ಪಷ್ಟವಾಗಿ ಕಾಣಿಸಿತು. ಮುಖಕ್ಕೆ ತಣ್ಣನೆಯ ಗಾಳಿ ತಾಗುತ್ತಿತ್ತು. ಹಗ್ಗ ಇಳಿಬಿಟ್ಟು ಎಣಿಸಿದಾಗ 24 ಗಂಟು ಒದ್ದೆಯಾಗದೆ ಉಳಿದಿದ್ದವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಿಸಿಲು ಮೂಡಣ ಗೋಡೆ ಹತ್ತಿತು, ನೀರು ಮರೆಯಾಯಿತು.

ಮಧ್ಯಾಹ್ನವೆಲ್ಲ ನೆರಳಿನಲ್ಲಿ ಕಳೆದು, ಸಂಜೆ ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಎಂಬ ಗೋರಿಗೆ ಹೋದೆವು. ಅಲ್ಲಿ ಮಲಗಿರುವ ಖಲೀಲುಲ್ಲಾ ಇರಾನಿನ ಕಿರ್ಮಾನ್ ಸೀಮೆಯಿಂದ ಬಂದ ಸೂಫಿ. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ ಅಹಮದ್ ಷಾ, ಖಲೀಲುಲ್ಲಾ ಅವರ ತಂದೆ ನಿಮತುಲ್ಲಾ ಅವರಲ್ಲಿ ಬಹಳ ಭಕ್ತಿಯಿಟ್ಟಿದ್ದ ಸುಲ್ತಾನ. ಕಿರ್ಮಾನ್ ಇಂಥ ನೆಲದಡಿಯ ಕಾಲುವೆಗಳಿಗೆ ಹೆಸರಾದ ಒಣಸೀಮೆ. ಇರಾನಿನ ಆ ಕಾಲುವೆಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ನೌಬಾದಿನ ಸಾಲಿನಲ್ಲೇ ಎರಡು ಬಾವಿಗಳ ಬಾಯಿಗೆ ಪ್ಲಾಸ್ಟಿಕ್ ಚೀಲ, ಕಟ್ಟಡದ ಅವಶೇಷ ಸುರಿದಿದ್ದನ್ನು ಕಂಡು ಹೊಟ್ಟೆ ಉರಿಯಿತು. ಅಕ್ಕನ ಮಗಳು ಅವೆರಡರ ಜಾಗವನ್ನು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದಾಳೆ. ಬರುವ ಮೇ ತಿಂಗಳಲ್ಲಿ ಅದೇ ಹಗ್ಗ ಹಿಡಿದು ಮೊದಲು ಅಲ್ಲಿಗೇ ಹೋಗುತ್ತೇವೆ.