ಮನೆಯನ್ನೇ ಓಡಿಸಿಕೊಂಡು ಡಚ್ಚರ ನೀರಿನ ನಾಡಿಗೆ: ಇಬ್ಬರೇ ಹೊರಡುವುದು ಹೇಗೆ?

ಯುರೋಪಿನಲ್ಲಿ ಕ್ಯಾಂಪರ್ ವ್ಯಾನ್ (ಮಲಗಲು, ಅಡುಗೆ ಮಾಡಲು ಒಳಗೇ ಅನುಕೂಲವಿರುವ ಗಾಡಿ) ಬಾಡಿಗೆಗೆ ಹಿಡಿದ ಗಂಡ-ಹೆಂಡಿರು ಸಾಮಾನ್ಯವಾಗಿ ಎರಡು ವಾರದಲ್ಲಿ ಐದು ದೇಶ ಮುಗಿಸುವ ಲೆಕ್ಕ ಹಾಕುತ್ತಾರೆ. ಅಷ್ಟು ಓಡಿದರೆ ನೆನಪಲ್ಲಿ ಉಳಿಯುವುದು ಹೆದ್ದಾರಿ ಮಾತ್ರ. ಅದರ ಬದಲು ನೆದರ್ಲೆಂಡ್ಸ್‌ನ ಐಸೆಲ್‌ಮೇರ್ ಸರೋವರಕ್ಕೆ ಒಂದು ಸುತ್ತು ಹಾಕಿ. ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಮತ್ತೆ ಅಲ್ಲಿಗೇ ಬರಲು ಸುಮಾರು ನಾನೂರು ಕಿಲೋಮೀಟರ್. ಒಂದೇ ದಿನದಲ್ಲಿ ಮುಗಿಸಬಹುದಾದ ದಾರಿ, ಆದರೆ ಹತ್ತು ದಿನ ಕೊಟ್ಟರೇ ಚೆನ್ನ.

ಮೊದಲು ಕಾಗದಪತ್ರ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ನಮ್ಮ ಡಿಎಲ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ವ್ಯಾನಿನ ಒಟ್ಟು ತೂಕದ ಮಿತಿ 3,500 ಕಿಲೋ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಭಾರದ ಗಾಡಿಗೆ ಅಲ್ಲಿ ಬೇರೆಯದೇ ದರ್ಜೆಯ ಪರವಾನಗಿ ಕೇಳುತ್ತಾರೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಚಾಲಕರೆಂದು ಬರೆಸಿ. ಒಬ್ಬರೇ ಓಡಿಸುವುದೆಂದು ತೀರ್ಮಾನಿಸಿದ್ದರೂ ಬರೆಸಿ, ಯಾರಿಗೆ ಯಾವಾಗ ಜ್ವರ ಬರುತ್ತದೋ ಯಾರಿಗೆ ಗೊತ್ತು?

ಗಾಡಿ ಕೈಗೆ ಬಂದಾಗ

ಬಾಡಿಗೆಯವರು ಗಡಿಬಿಡಿಯಲ್ಲಿ ಎಲ್ಲವನ್ನೂ ಒಮ್ಮೆ ತೋರಿಸಿ ಮುಗಿಸುತ್ತಾರೆ. ಒಬ್ಬರು ಕೇಳುತ್ತಿರಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಕುಡಿಯುವ ನೀರು ತುಂಬುವ ಬಾಯಿ ಎಲ್ಲಿದೆ, ಪಾತ್ರೆ ತೊಳೆದ ನೀರು ಬಿಡುವ ಕೊಳಾಯಿ ಎಲ್ಲಿದೆ, ಗ್ಯಾಸ್ ಯಾವ ಕಡೆ ತಿರುಗಿಸಿದರೆ ಬಂದ್ ಆಗುತ್ತದೆ, ಇವು ಮೂರು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಪಾರ್ಕಿಂಗ್ ಕಟ್ಟಡಗಳ ಬಾಗಿಲಲ್ಲಿ ತೂಗುವ ಕಬ್ಬಿಣದ ಪಟ್ಟಿಯನ್ನು ಕಂಡ ಮೇಲೆ ಎತ್ತರ ನೆನಪಿಸಿಕೊಳ್ಳುತ್ತ ಕೂರಲು ಆಗುವುದಿಲ್ಲ.

ವಿದ್ಯುತ್ತಿನ ಲೆಕ್ಕ ಅಡುಗೆ ಮಾಡುವವರಿಗೆ ಮುಖ್ಯ. ತಂಗುದಾಣದ ಕಂಬದಿಂದ ನೀಲಿ ಪ್ಲಗ್ಗಿನ ಕೇಬಲ್ ಎಳೆದು ಗಾಡಿಗೆ ಸಿಕ್ಕಿಸುತ್ತೀರಿ. ಅದರ ಮೇಲೆ ‘6 ಆಂಪಿಯರ್’ ಎಂದಿದ್ದರೆ, 230 ವೋಲ್ಟ್‌ನಲ್ಲಿ ಸಿಗುವುದು 1,380 ವ್ಯಾಟ್ ಅಷ್ಟೆ. 2,000 ವ್ಯಾಟಿನ ಇಂಡಕ್ಷನ್ ಹಚ್ಚಿದರೆ ಫ್ಯೂಸ್ ಬೀಳುತ್ತದೆ. ಅನ್ನ-ಸಾರು ಗ್ಯಾಸಿನ ಮೇಲೇ ಆಗಲಿ.

ಇನ್ನು ಯಾರೂ ಫೋಟೊ ಹಾಕದ ಸಂಗತಿ: ಶೌಚಾಲಯದ ಕ್ಯಾಸೆಟ್. ಸೀಟಿನ ಕೆಳಗಿನ ಪೆಟ್ಟಿಗೆಯನ್ನು ಹೊರಗಿನ ಪುಟ್ಟ ಬಾಗಿಲಿಂದ ಎಳೆದು, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು, ತೊಳೆದು, ರಾಸಾಯನಿಕ ಹಾಕಿ ಮತ್ತೆ ಕೂರಿಸಬೇಕು. ಸುರಿಯುವಾಗ ಗಾಳಿ ಬಿಡುವ ಗುಂಡಿ ಒತ್ತಿ ಹಿಡಿದರೆ ಚಿಮ್ಮುವುದಿಲ್ಲ. ಸರದಿಯನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ದಾಂಪತ್ಯದ ನೆಮ್ಮದಿಗೆ ಇದು ದಾರಿ ಹುಡುಕುವುದಕ್ಕಿಂತ ದೊಡ್ಡ ವಿಷಯ.

ಓಡಿಸುವವರು ಒಬ್ಬರು, ನೋಡುವವರು ಇಬ್ಬರು

ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಸ್ಟೀರಿಂಗ್ ಎಡಕ್ಕಿರುತ್ತದೆ. ಸೈಕಲ್ ಪಥ ಬಹುತೇಕ ನಿಮ್ಮ ಬಲಗಡೆ. ಬಲಕ್ಕೆ ತಿರುಗುವಾಗ, ಹಿಂದಿನಿಂದ ನೇರ ಹೋಗುವ ಸೈಕಲ್ಲಿಗೇ ಮೊದಲ ಹಕ್ಕು. ಆ ಬದಿ ಚೆನ್ನಾಗಿ ಕಾಣುವುದು ಪಕ್ಕದಲ್ಲಿ ಕೂತವರಿಗೆ. ಹಾಗಾಗಿ ತಿರುವಿನಲ್ಲಿ ಅವರು ಮೊಬೈಲ್ ಕೆಳಗಿಟ್ಟು ಬಲಗಡೆ ನೋಡಿ ಬಾಯಿಬಿಟ್ಟು ಹೇಳಬೇಕು. ರಸ್ತೆಯ ಮೇಲೆ ಹಲ್ಲಿನ ಸಾಲಿನಂತೆ ಬಿಳಿ ತ್ರಿಕೋನಗಳು ನಿಮ್ಮತ್ತ ಚೂಪಾಗಿದ್ದರೆ ದಾರಿ ಬಿಡಬೇಕಾದವರು ನೀವು. ಗುರುತೇ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರು ಮೊದಲು. ಬಹುತೇಕ ಹೆದ್ದಾರಿಗಳಲ್ಲಿ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ.

ಕತ್ತಲಾದ ಕಡೆ ಗಾಡಿ ನಿಲ್ಲಿಸಿ ಮಲಗುವ ಆಸೆ ಇಲ್ಲಿ ಬೇಡ, ಬಯಲಲ್ಲಿ ಹಾಗೆ ತಂಗುವುದಕ್ಕೆ ಅನುಮತಿ ಇಲ್ಲ. ‘ಕ್ಯಾಂಪರ್‌ಪ್ಲಾಟ್ಸ್’ ಎಂಬ ಫಲಕ ಹುಡುಕಿ. ದೋಣಿ ಬಂದರುಗಳ ಪಕ್ಕದಲ್ಲಿ ಇಂಥವು ಬೇಕಷ್ಟಿವೆ, ಎಷ್ಟೋ ಕಡೆ ಸ್ನಾನಕ್ಕೂ ಬಿಡುತ್ತಾರೆ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ಕೈಸನ್ನೆ ಮಾಡಲಿ. ಕನ್ನಡಿಯಲ್ಲಿ ಅವರ ಮುಖ ಕಾಣದಿದ್ದರೆ ಬ್ರೇಕ್ ಒತ್ತಿ.

ಊರಿನ ಹೊರಗೆ ಗಾಡಿ, ಒಳಗೆ ನೀವು

ಈ ಪ್ರವಾಸದ ಗುಟ್ಟು ಇಷ್ಟೇ. ಅಲ್ಲಿನ ಹಳೆಯ ಊರುಗಳನ್ನು ಕಟ್ಟಿದ್ದು ದೋಣಿಗಳಿಗಾಗಿ. ಮೂರು ಮೀಟರ್ ಎತ್ತರದ ವ್ಯಾನಿಗೆ ಅಲ್ಲಿ ಏನು ಕೆಲಸ? 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ವರ್ತುಲವನ್ನು ಗಾಡಿ ಪಡೆಯುವ ಮೊದಲೇ ನಡೆದು ನೋಡಿ ಮುಗಿಸಿ. ಆಮೇಲೆ ಎರಡು ಸೈಕಲ್ ಕಟ್ಟಿಕೊಂಡು ಉತ್ತರಕ್ಕೆ ಹೊರಡಿ.

ಮೊದಲು ಹೋರ್ನ್, ಬಳಿಕ ಎಂಕ್‌ಹೌಝೆನ್. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಎರಡು ಇಲ್ಲಿದ್ದವು. ನಮ್ಮ ಕರಾವಳಿಯ ಮೆಣಸಿಗೆ ಆಸೆಪಟ್ಟ ಕಂಪನಿ ಅದು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ಗೆ ಹೆಸರು ಕೊಟ್ಟದ್ದೂ ಇದೇ ಹೋರ್ನ್. ಎಂಕ್‌ಹೌಝೆನ್‌ನ ಹೊರವಲಯದಲ್ಲಿ ರಸ್ತೆ ಕೆಳಗೆ ಹಾದುಹೋಗುತ್ತದೆ, ಹಡಗು ನಿಮ್ಮ ತಲೆಯ ಮೇಲಿನ ನೀರಿನಲ್ಲಿ ದಾಟುತ್ತದೆ.

ಅಲ್ಲಿಂದ ಆಫ್‌ಸ್ಲೌಟ್‌ಡೈಕ್, ಸಮುದ್ರಕ್ಕೆ ಅಡ್ಡ ಕಟ್ಟಿದ 32 ಕಿಲೋಮೀಟರ್ ಉದ್ದದ ಒಡ್ಡು. 1916ರ ಪ್ರವಾಹದ ನಂತರ ಕಾರ್ನೆಲಿಸ್ ಲೆಲಿ ಎಂಬ ಎಂಜಿನಿಯರರ ಯೋಜನೆ 1918ರಲ್ಲಿ ಕಾನೂನಾಯಿತು. ಒಡ್ಡು ಕಟ್ಟಿದರೆ ಉಬ್ಬರವಿಳಿತ ಏನಾಗುತ್ತದೆ ಎಂದು ಲೆಕ್ಕ ಹಾಕಿದ ಸಮಿತಿಗೆ ಭೌತವಿಜ್ಞಾನದ ನೊಬೆಲ್ ಪಡೆದ ಹೆಂಡ್ರಿಕ್ ಲೊರೆಂಟ್ಸ್ ಅಧ್ಯಕ್ಷರು. 1932ರಲ್ಲಿ ಒಡ್ಡು ಮುಚ್ಚಿತು, ಉಪ್ಪಿನ ಕೊಲ್ಲಿ ಕ್ರಮೇಣ ಸಿಹಿನೀರಿನ ಸರೋವರವಾಯಿತು. ಅಡ್ಡಗಾಳಿ ಎತ್ತರದ ಗಾಡಿಯನ್ನು ನೂಕುತ್ತದೆ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಒಡ್ಡಿನ ಮೇಲಿರುವ ಗೋಪುರದ ಬಳಿ ಇಳಿದು ಎರಡೂ ಕಡೆಯ ನೀರು ನೋಡಿ. ಒಡ್ಡಿನ ತುದಿಗಳಲ್ಲಿ ಹಡಗು ಬಂದರೆ ಸೇತುವೆ ತೆರೆಯುತ್ತದೆ, ಇಡೀ ಹೆದ್ದಾರಿ ನಿಲ್ಲುತ್ತದೆ!

ಆಚೆ ಫ್ರೀಸ್‌ಲ್ಯಾಂಡ್ ಪ್ರಾಂತ್ಯ. ಕೆರೆಯಿಂದ ಕೆರೆಗೆ ಕಾಲುವೆ, ಕಾಲುವೆಗೊಂದು ಎತ್ತುವ ಸೇತುವೆ. ಗಂಟೆ ಬಾರಿಸಿ ಕೆಂಪು ದೀಪ ಹತ್ತಿದರೆ ಎಂಜಿನ್ ಆರಿಸಿ. ಕೆಲವು ಕಡೆ ಸೇತುವೆಯವರು ಗಾಳದ ಕೋಲಿನ ದಾರಕ್ಕೆ ಮರದ ಚಪ್ಪಲಿ ಕಟ್ಟಿ ಕೆಳಗೆ ಬಿಡುತ್ತಾರೆ, ದೋಣಿಯವರು ಸುಂಕದ ಚಿಲ್ಲರೆಯನ್ನು ಅದರೊಳಗೆ ಹಾಕುವುದು ಪದ್ಧತಿ. ಸ್ನೇಕ್ ಊರಿನಲ್ಲಿ 1613ರ ಜೋಡಿ ಗೋಪುರದ ನೀರುಬಾಗಿಲಿದೆ. ಹನ್ನೊಂದು ಊರುಗಳನ್ನು ಮಂಜುಗಟ್ಟಿದ ಕಾಲುವೆಯ ಮೇಲೆ ಜಾರುತ್ತ ಸುತ್ತುವ ಸುಮಾರು 200 ಕಿ.ಮೀ. ಸ್ಪರ್ಧೆ ಈ ದಾರಿಯಲ್ಲೇ ನಡೆಯುತ್ತಿತ್ತು. 1997ರ ನಂತರ ಸ್ಪರ್ಧೆಗೆ ಸಾಕಾಗುವಷ್ಟು ಗಟ್ಟಿ ಮಂಜುಗಡ್ಡೆ ಕಟ್ಟಿಲ್ಲ.

ಲೆಮ್ಮರ್‌ನಲ್ಲಿ 1920ರ ಉಗಿಯಂತ್ರದ ಪಂಪ್‌ಹೌಸ್ ತಪ್ಪಿಸಬೇಡಿ. ನೀರು ಮೇರೆ ಮೀರಿದರೆ ಈಗಲೂ ಅದನ್ನು ಹೊತ್ತಿಸುತ್ತಾರೆ. ಖೀಟ್‌ಹೋರ್ನ್‌ನ ಹಳೆಯ ಭಾಗಕ್ಕೆ ರಸ್ತೆಯೇ ಇಲ್ಲ, ಸದ್ದಿಲ್ಲದ ಬ್ಯಾಟರಿ ದೋಣಿ ಬಾಡಿಗೆಗೆ ಸಿಗುತ್ತದೆ. ಚೆಂದದ ಊರು, ಆದರೆ ಮಧ್ಯಾಹ್ನದ ಹೊತ್ತಿಗೆ ದೋಣಿಗಳ ಟ್ರಾಫಿಕ್ ಜಾಮ್, ಬೆಳಿಗ್ಗೆಯೇ ಹೋಗಿ.

ಮರಳಿಸುವ ಹಿಂದಿನ ರಾತ್ರಿ ಆಮ್‌ಸ್ಟರ್‌ಡ್ಯಾಮಿಗೆ ಹತ್ತಿರದ ತಂಗುದಾಣದಲ್ಲೇ ಇರಿ. ಬಳಸಿದ ನೀರು ಮತ್ತು ಕ್ಯಾಸೆಟ್ ಖಾಲಿ ಮಾಡಿ, ಒಳಗೆ ಗುಡಿಸಿ. ಬೆಳಿಗ್ಗೆ ಡೀಸೆಲ್ ತುಂಬಿಸಿದ ರಸೀದಿಯನ್ನು, ಗಾಡಿ ಒಪ್ಪಿಸಿದ್ದಕ್ಕೆ ಸಹಿ ಸಿಗುವ ತನಕ ಜೇಬಿನಲ್ಲೇ ಇಟ್ಟುಕೊಳ್ಳಿ.