ಬೀಳಿಸಿ ನೋಡುವ ಟೇಬಲ್

ನಮ್ಮ ದವಾಖಾನೆಗೆ ಟಿಲ್ಟ್ ಟೇಬಲ್ ಬಂದಾಗ ಅದರ ಮೇಲೆ ಮೊದಲು ಮಲಗಿದವನು ನಾನೇ. ಎಚ್ಚರ ತಪ್ಪಿ ಬೀಳುವವರನ್ನು ಮಲಗಿಸಿ, ಓರೆಯಾಗಿ ಎತ್ತಿ ನಿಲ್ಲಿಸಿ, ಯಾಕೆ ಬೀಳುತ್ತಾರೆಂದು ನೋಡುವ ಟೇಬಲ್ ಅದು. ಕಲಬುರಗಿಯಲ್ಲಿ ಹೃದಯ ವಿಭಾಗದ ಟೆಕ್ನಿಷಿಯನ್ ಕೆಲಸ ನನ್ನದು. ಇಸಿಜಿ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಎಲ್ಲ ಕೈಗೆ ಹತ್ತಿದ್ದವು. ಇದು ಹೊಸದು. ಪೇಷಂಟಿಗೆ ಮಾಡುವ ಮೊದಲು ನಮ್ಮವರಲ್ಲೇ ಒಬ್ಬರಿಗೆ ಮಾಡಿ ನೋಡೋಣ ಎಂದರು ಡಾಕ್ಟರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಒಮ್ಮೆಯೂ ಎಚ್ಚರ ತಪ್ಪಿ ಬಿದ್ದವನಲ್ಲ. ಮೇ ತಿಂಗಳ ಬಿಸಿಲಲ್ಲಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ತುಂಬ ಚೀಲ ಹಿಡಿದು ಅಡ್ಡಾಡಿದವನು. ಹಾಗಾಗಿ ನಗುತ್ತಲೇ ಮಲಗಿದೆ. ಎದೆಗೊಂದು, ಮೊಣಕಾಲಿಗೊಂದು ಪಟ್ಟಿ ಬಿಗಿದರು. ಪಾದದ ಕೆಳಗೆ ಹಲಗೆ. ಸ್ವಲ್ಪ ಹೊತ್ತು ಸುಮ್ನೆ ಮಲಗಿಸಿ, ಆಮೇಲೆ ಟೇಬಲನ್ನು 70 ಡಿಗ್ರಿ ಎತ್ತಿದರು. ಗೋಡೆಗೆ ಒರಗಿ ನಿಂತ ಹಾಗೆ ಅನ್ನಿಸಿತು, ಅಷ್ಟೇ. 20 ನಿಮಿಷ ಏನೂ ಆಗಲಿಲ್ಲ. ನರ್ಸ್ ಜೊತೆ ಮಾತಾಡುತ್ತಾ ಇದ್ದೆ. ಆಮೇಲೆ ನಾಲಿಗೆ ಕೆಳಗೆ, ರಕ್ತನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಸ್ಪ್ರೇ ಹೊಡೆದರು.

ಮೊದಲು ಬಂದದ್ದು ಆಕಳಿಕೆ. ಒಂದರ ಹಿಂದೆ ಒಂದು. ಕುತ್ತಿಗೆ ಹಿಂದೆ ತಣ್ಣನೆ ಬೆವರು. ಹೊಟ್ಟೆ ತೊಳಸಿತು. ನರ್ಸ್ ಏನೋ ಕೇಳಿದರು, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸಿತು. ಮುಂದೆ ನೋಡಿದರೆ ಸೀಲಿಂಗ್ ಫ್ಯಾನು! ಟೇಬಲ್ ಆಗಲೇ ಸಪಾಟಾಗಿತ್ತು. ನಡುವೆ ಏನಾಯಿತೋ ನನಗೆ ಗೊತ್ತೇ ಇಲ್ಲ.

"ನಿನ್ನ ಟೆಸ್ಟ್ ಪಾಸಿಟಿವ್," ಅಂದರು ಡಾಕ್ಟರು. "ಆದರೆ ನಿನಗೆ ಏನೂ ಇಲ್ಲ."

ಈ ಮಾತು ನನಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಏನೂ ತೊಂದರೆ ಇಲ್ಲದ ಗಟ್ಟಿ ಆಳು ಕೂಡ ಈ ಟೇಬಲ್ ಮೇಲೆ ಬೀಳಬಹುದು. ನಿಜಕ್ಕೂ ಪದೇ ಪದೇ ಬೀಳುವವರು ಆ ದಿನ ಬೀಳದೆಯೂ ಇರಬಹುದು. ಬಿದ್ದರಾ ಇಲ್ಲವಾ ಅನ್ನುವುದಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಮನೆಯಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ಆದದ್ದೇ ಇಲ್ಲೂ ಆಯಿತಾ? ಕೇಳಬೇಕಾದ್ದು ಅದು. ಅದಕ್ಕೇ ಟೆಸ್ಟಿಗೆ ಬರುವವರಿಗೆ ನಾನು ಮೊದಲು ಹೇಳುವುದು: ನೀವು ಬಿದ್ದಾಗ ಕಣ್ಣಾರೆ ನೋಡಿದವರನ್ನು ಕರೆದುಕೊಂಡು ಬನ್ನಿ. ಗಾಡಿ ಓಡಿಸಲು ಬರುವ ಅಳಿಯನಿಗಿಂತ, ಬಿದ್ದಾಗ ಪಕ್ಕದಲ್ಲಿದ್ದ ಅತ್ತೆ ಬಂದರೆ ಉಪಯೋಗ ಜಾಸ್ತಿ. ಇಬ್ಬರೂ ಬಂದರೆ ಇನ್ನೂ ಒಳ್ಳೆಯದು, ಯಾಕೆಂದರೆ ಟೆಸ್ಟ್ ಆದ ದಿನ ನೀವೇ ಬೈಕ್ ಹೊಡೆದುಕೊಂಡು ಹೋಗುವ ಹಾಗಿಲ್ಲ.

ನಮ್ಮ ಕಡೆ ಎಲ್ಲದಕ್ಕೂ 'ಚಕ್ಕರ್' ಅನ್ನುವುದು ರೂಢಿ. ಕಣ್ಣಿಗೆ ಕತ್ತಲೆ ಬಂದರೂ ಚಕ್ಕರ್, ಮನೆ ಗಿರಗಿರ ತಿರುಗಿದರೂ ಚಕ್ಕರ್, ಪೂರಾ ಎಚ್ಚರ ತಪ್ಪಿದರೂ ಚಕ್ಕರ್. ಮನೆ ತಿರುಗುವುದು ಹೆಚ್ಚಾಗಿ ಕಿವಿಯ ತೊಂದರೆ, ಅದಕ್ಕೆ ಈ ಟೇಬಲ್ ಬೇಡ. ಇನ್ನು ಓಡುವಾಗ, ಭಾರ ಎತ್ತುವಾಗ ಬಿದ್ದವರು, ಮಲಗಿದಲ್ಲೇ ಎಚ್ಚರ ತಪ್ಪಿದವರು, ಮನೆಯಲ್ಲಿ ಚಿಕ್ಕ ವಯಸ್ಸಿನವರು ದಿಢೀರನೆ ಸತ್ತ ಉದಾಹರಣೆ ಇದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅಂಥವರಿಗೆ ಮೊದಲು ಆಗಬೇಕಾದ್ದು ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್.

ಟೇಬಲ್ ಮಾಡುವ ಕೆಲಸ ಸರಳ. ನಿಂತಾಗ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲು, ಹೊಟ್ಟೆ ಕಡೆ ಇಳಿಯುತ್ತದೆ. ನಡೆಯುವಾಗ ಮೀನಖಂಡ ಅದನ್ನು ಮೇಲಕ್ಕೆ ದೂಡುತ್ತಿರುತ್ತದೆ. ಟೇಬಲ್ ಮೇಲೆ ಕಾಲು ಆಡಿಸಬೇಡಿ ಅನ್ನುವುದು ಅದಕ್ಕೇ. ಕೆಲವರಲ್ಲಿ ಈ ಹೊತ್ತಿಗೆ ನರಗಳು ಉಲ್ಟಾ ಹೊಡೆಯುತ್ತವೆ. ಬಡಿತ ಏರಬೇಕಾದಲ್ಲಿ ಇಳಿಯುತ್ತದೆ, ರಕ್ತನಾಳ ಸಡಿಲಾಗುತ್ತವೆ, ಬಿಪಿ ಕುಸಿಯುತ್ತದೆ. ಕಾರಣ ಸಿಗದ ಮೂರ್ಛೆಗೆ ಈ ಟೆಸ್ಟ್ ಉಪಯೋಗಕ್ಕೆ ಬರುತ್ತದೆ ಎಂದು ಇಂಗ್ಲೆಂಡಿನ ಡಾಕ್ಟರುಗಳು ತೋರಿಸಿದ್ದು 1986ರಲ್ಲಿ. ಸ್ಪ್ರೇ ಸೇರಿದ್ದು ಆಮೇಲೆ.

ತಯಾರಿ ದೊಡ್ಡದೇನಲ್ಲ. ನಾಲ್ಕು ತಾಸು ಮೊದಲಿಂದ ಏನೂ ತಿನ್ನಬೇಡಿ ಅನ್ನುತ್ತೇವೆ. ಇಲ್ಲದಿದ್ದರೆ ತಿಂದ ರೊಟ್ಟಿ ಹೊರಗೆ ಬರುತ್ತದೆ. ಆದರೆ ಶ್ರಾವಣ ಸೋಮವಾರದ ಉಪವಾಸ ಮುಗಿಸಿಕೊಂಡು ನೇರ ಬರುವುದೂ ಬೇಡ. ಮೈ ಮೊದಲೇ ಒಣಗಿದ್ದರೆ ಟೆಸ್ಟ್ ಸುಳ್ಳು ಹೇಳಬಹುದು. ಮೂತ್ರಕ್ಕೆ ಹೋಗಿ ಬನ್ನಿ. ಸೀರೆಗಿಂತ ಸಡಿಲ ಚೂಡಿದಾರ ಅನುಕೂಲ, ಪಟ್ಟಿ ಸರಿ ಕೂರುತ್ತದೆ. ಬಸುರಿಯಾಗಿದ್ದರೆ ಮೊದಲೇ ಹೇಳಿ. ಬಿಪಿ ಗುಳಿಗೆ ನಿಲ್ಲಿಸಬೇಕಾ ಬೇಡವಾ ಎಂಬುದನ್ನು ಡಾಕ್ಟರೇ ಹೇಳಲಿ, ನೀವಾಗಿ ಬಿಡಬೇಡಿ. ಗಂಡಸರಿಗೆ ಇನ್ನೊಂದು ಪ್ರಶ್ನೆ ಇದೆ. ವಯಾಗ್ರ ಥರದ ಗುಳಿಗೆ ಎರಡು ಮೂರು ದಿನದಲ್ಲಿ ತೆಗೆದುಕೊಂಡಿದ್ದೀರಾ? ಹೆಂಡತಿಯನ್ನು ಹೊರಗೆ ಕಳಿಸಿಯೇ ಕೇಳುತ್ತೇನೆ. ನಾಚಿಕೊಂಡು ಮುಚ್ಚಿಟ್ಟರೆ ಸ್ಪ್ರೇ ಹೊಡೆದಾಗ ಬಿಪಿ ಪಾತಾಳಕ್ಕೆ ಹೋಗುತ್ತದೆ.

ಒಂದೂವರೆ ತಾಸು ಹಿಡಿಯಬಹುದು. ಟೇಬಲ್ ಮೇಲೆ ಧೈರ್ಯ ತೋರಿಸಲು ಹೋಗಬೇಡಿ. ಹಲ್ಲು ಕಚ್ಚಿ ತಡೆದುಕೊಂಡರೆ ನಮಗೆ ಏನೂ ಗೊತ್ತಾಗುವುದಿಲ್ಲ. ಬೆವರು ಬಂತಾ, ಕಣ್ಣು ಮಂಜಾಯಿತಾ, ಆದಂತೆ ಆದಂತೆ ಹೇಳುತ್ತಾ ಹೋಗಿ. ಬಿದ್ದ ಕೂಡಲೇ ಟೇಬಲ್ ಕೆಳಗಿಳಿಸುತ್ತೇವೆ, ಹೆಚ್ಚಿನವರು ಒಂದು ನಿಮಿಷದೊಳಗೆ ಎಚ್ಚರಾಗುತ್ತಾರೆ. ಸ್ಪ್ರೇ ಕೊಟ್ಟವರಿಗೆ ತಲೆ ಸಿಡಿಯುತ್ತದೆ. ನನಗೆ ಸಂಜೆವರೆಗೂ ಇತ್ತು.

ಎಲ್ಲರಿಗೂ ಈ ಟೆಸ್ಟ್ ಬೇಕಾ ಎಂದು ಕೇಳಿದರೆ, ಬೇಡ ಅನ್ನುತ್ತೇನೆ. ರಾತ್ರಿ ಬಚ್ಚಲಿಗೆ ಎದ್ದಾಗಲೆಲ್ಲ ಬೀಳುತ್ತಿದ್ದ ಒಬ್ಬ ಮುತ್ಯಾ ಬಂದಿದ್ದರು. ಬಿಪಿಗೆ ಎರಡು ಗುಳಿಗೆ, ಪ್ರಾಸ್ಟೇಟಿಗೆ ಒಂದು. ಟೇಬಲ್ ಎತ್ತಿ ಮೂರು ನಿಮಿಷ ಆಗಿರಲಿಲ್ಲ, 150 ಇದ್ದ ಮೇಲಿನ ಬಿಪಿ 108ಕ್ಕೆ ಬಂತು. 20 ಇಳಿದರೇ ಅದು ತೊಂದರೆ ಎಂದು ಲೆಕ್ಕ. ಇದನ್ನು ಹಿಡಿಯಲು ಟೇಬಲ್ ಯಾಕೆ ಬೇಕಿತ್ತು? ಐದು ನಿಮಿಷ ಮಲಗಿಸಿ, ಎಬ್ಬಿಸಿ ನಿಲ್ಲಿಸಿ, ಮೂರು ನಿಮಿಷದೊಳಗೆ ಮತ್ತೆ ಬಿಪಿ ನೋಡಿದ್ದರೆ ಊರಿನ ಆರೋಗ್ಯ ಕೇಂದ್ರದಲ್ಲೇ ಗೊತ್ತಾಗುತ್ತಿತ್ತು. ನಿಂತಾಗ ಬಿಪಿ ಇಳಿಸುತ್ತಿದ್ದ ಗುಳಿಗೆಗಳನ್ನು ಡಾಕ್ಟರು ಬದಲಿಸಿದರು.

ಟೇಬಲ್ ಬೇಕೇ ಬೇಕಿದ್ದದ್ದು ಅಫಜಲಪುರ ಕಡೆಯ ಒಬ್ಬ ಹುಡುಗಿಗೆ. ಹತ್ತನೇ ಕ್ಲಾಸು. ಶಾಲೆಯ ಪ್ರಾರ್ಥನೆ ಹೊತ್ತಿಗೆ ಬೀಳುವುದು, ಕೈಕಾಲು ಒಂದೆರಡು ಸಲ ಜಗ್ಗುವುದು. ಜಗ್ಗಿದ್ದು ನೋಡಿ ಎಲ್ಲೋ ಫಿಟ್ಸ್ ಎಂದಿದ್ದರು. ಎರಡು ವರ್ಷದಿಂದ ಗುಳಿಗೆ ನಡೆದಿತ್ತು. ಬಿದ್ದಾಗಲೆಲ್ಲ ಕೈಗೆ ಕೀಲಿ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು, ಎತ್ತಿ ಕೂರಿಸುತ್ತಿದ್ದರಂತೆ. ಎತ್ತಿ ಕೂರಿಸುವುದೇ ತಪ್ಪು. ಮಲಗಿಸಿ ಕಾಲು ಎತ್ತಿ ಹಿಡಿದಿದ್ದರೆ ಸಾಕಿತ್ತು.

ಅವರವ್ವ ಟೇಬಲ್ ಪಕ್ಕದಲ್ಲೇ ನಿಂತಿದ್ದರು. 14ನೇ ನಿಮಿಷಕ್ಕೆ ಹುಡುಗಿ ಆಕಳಿಸಿದಳು. ನಾನು ಸ್ಕ್ರೀನ್ ನೋಡಿದೆ. "ಕಣ್ಣಿಗಿ ಕತ್ತಲಿ ಬರ್ಲಕತ್ತಾದ್ರಿ," ಅಂದಳು. ಬಡಿತ 90ರಿಂದ 50ಕ್ಕೆ, ಅಲ್ಲಿಂದ ಗೆರೆ ಸಪಾಟ. ಆರು ಸೆಕೆಂಡು ಹೃದಯ ಬಡಿಯಲಿಲ್ಲ. ಟೇಬಲ್ ಇಳಿಸುವಷ್ಟರಲ್ಲಿ ಕೈ ಎರಡು ಸಲ ಜಗ್ಗಿತು. ಅವ್ವ ಹೆದರಿ ಚೀರುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ತೋಳು ಹಿಡಿದು, "ಇದೇ ನೋಡ್ರಿ ಸರ್, ಹಿಂಗೇ ಬೀಳ್ತಾಳ್ರಿ," ಅಂದರು.

ನಮಗೆ ಬೇಕಾಗಿದ್ದ ಮಾತು ಅದು.

ಹೃದಯ ನಿಂತಿತ್ತು ಎಂದು ಕೇಳಿ ಅಪ್ಪ ಪೇಸ್‌ಮೇಕರ್ ಹಾಕಬೇಕಾ ಎಂದು ಗಾಬರಿಯಾದರು. ಈ ವಯಸ್ಸಿನಲ್ಲಿ ಇಂಥದಕ್ಕೆ ಸಾಮಾನ್ಯವಾಗಿ ಹಾಕುವುದಿಲ್ಲ ಎಂದರು ಡಾಕ್ಟರು. ನೀರು ಜಾಸ್ತಿ ಕುಡಿಯಬೇಕು, ಬಿಪಿ ಇಲ್ಲದ್ದರಿಂದ ಉಪ್ಪಿಗೆ ಹೆದರಬೇಕಿಲ್ಲ. ಆಕಳಿಕೆ ಬೆವರು ಶುರುವಾದರೆ ಕಾಲಿಗೆ ಕಾಲು ಹೆಣೆದು ತೊಡೆ ಬಿಗಿಯಬೇಕು, ಮುಷ್ಟಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಇದ್ದಲ್ಲೇ ಮಲಗಿಬಿಡಬೇಕು. ಫಿಟ್ಸ್ ಗುಳಿಗೆ ಒಮ್ಮೆಲೇ ಬಿಡುವ ಹಾಗಿಲ್ಲ, ನರರೋಗದ ಡಾಕ್ಟರು ನೋಡಿ ನಿಧಾನಕ್ಕೆ ಇಳಿಸಿದರು.

ಎರಡು ತಿಂಗಳ ಮೇಲೆ ಹುಡುಗಿ ಮತ್ತೆ ಬಂದಳು. ಒಮ್ಮೆಯೂ ಬಿದ್ದಿರಲಿಲ್ಲ. ಆದರೆ ಪ್ರಾರ್ಥನೆ ನಡುವೆ ಕೂತಳೆಂದು ಶಾಲೆಯಲ್ಲಿ ಬೈಸಿಕೊಂಡಿದ್ದಳು. ಡಾಕ್ಟರು ಔಷಧಿ ಚೀಟಿಯಲ್ಲಿ ಕನ್ನಡದಲ್ಲಿ ಒಂದೇ ಸಾಲು ಬರೆದರು: 'ಇವಳು ಕೂರುತ್ತೇನೆ ಅಂದಾಗ ಕೂರಲು ಬಿಡಿ.' ಕೆಳಗೆ ಸೀಲು ಹಾಕಿದ್ದು ನಾನು.