ಫಾರ್ಮ್ಯಾಟ್ ಕೇಳಿದ ಡಿಸ್ಕಿನಿಂದ ಜಾತ್ರೆಯ ವಿಡಿಯೋ ತೆಗೆದದ್ದು

ಶಿರಸಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಆಗ ತೆಗೆದ ವಿಡಿಯೋ ಹೋದರೆ ಹೋದಂತೆಯೇ. ಅಂಥ ವಿಡಿಯೋಗಳಿದ್ದ 1 ಟಿಬಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತಿದ್ದೆ. ಮಳೆಗಾಲದ ಸಂಜೆ, ನಡುವೆಯೇ ಕರೆಂಟ್ ಹೋಯಿತು. ತಿರುಗಿ ಕಂಪ್ಯೂಟರ್ ಹಚ್ಚಿದರೆ, ಡಿಸ್ಕ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ಬಂತು. ಸ್ಟುಡಿಯೋ ಹುಡುಗ ಇನ್ನೇನು ಒತ್ತುವವನಿದ್ದ. "ತಮಾ, ಮುಟ್ಟಬೇಡ!" ಅಂದೆ.

ಡಿಸ್ಕಿನೊಳಗಿನ ತಟ್ಟೆಗಳ ಮೇಲೆ ಜಾಗವನ್ನು ಸಣ್ಣ ಸಣ್ಣ ಪಾಲು ಮಾಡಿರುತ್ತದೆ. ಒಂದೊಂದು ಪಾಲೂ ಒಂದು ಸೆಕ್ಟರ್. ಹಳೆಯ ಡಿಸ್ಕುಗಳಲ್ಲಿ 512 ಬೈಟ್, ಈಚಿನ ಹೆಚ್ಚಿನವುಗಳಲ್ಲಿ 4096. ಯಾವ ಫೈಲ್ ಯಾವ ಸೆಕ್ಟರಿನಲ್ಲಿದೆ ಅಂತ ಲೆಕ್ಕ ಇಡುವುದು ಫೈಲ್ ಸಿಸ್ಟಮ್. ನಮ್ಮ ಅಡಿಕೆ ಗೋದಾಮಿನ ಹಾಗೆಯೇ ಅಲ್ವಾ? ಚೀಲಗಳು ಇದ್ದಲ್ಲೇ ಇವೆ, ಯಾರ ಚೀಲ ಎಲ್ಲಿ ಅಂತ ಬರೆದ ಪುಸ್ತಕದ ಮೊದಲ ಹಾಳೆ ಹರಿದಿದೆ, ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಆ ಪುಸ್ತಕದ ಜಾಗಕ್ಕೆ ಖಾಲಿ ಪುಸ್ತಕ ತಂದಿಡುತ್ತದೆ. ಈಗಿನ ವಿಂಡೋಸ್‌ನ ಫುಲ್ ಫಾರ್ಮ್ಯಾಟ್ ಚೀಲಗಳನ್ನೂ ಬರಿದು ಮಾಡುತ್ತದೆ.

ಮೊದಲು ಸ್ಮಾರ್ಟ್ ರಿಪೋರ್ಟ್ ನೋಡಿದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಪಟ್ಟಿ ಅದು. ‘ಪೆಂಡಿಂಗ್ ಸೆಕ್ಟರ್’ ಎಂಬಲ್ಲಿ ಸೊನ್ನೆ ಇರಬೇಕು, 48 ಇತ್ತು. ಅಷ್ಟು ಸೆಕ್ಟರ್ ಓದಲು ಡಿಸ್ಕಿಗೇ ಆಗುತ್ತಿಲ್ಲ ಎಂದರ್ಥ. ಇಂಥ ಡಿಸ್ಕಿನ ಮೇಲೆ ನೇರವಾಗಿ ರಿಪೇರಿಗೆ ಇಳಿಯಬಾರದು. ಮೊದಲು ಪೂರ್ತಿ ನಕಲು ತೆಗೆಯಬೇಕು.

ನಕಲಿಗೆ 2 ಟಿಬಿ ಡಿಸ್ಕ್ ತಂದೆ. ಕಂಪ್ಯೂಟರ್ 1863 ಜಿಬಿ ಅಂತ ತೋರಿಸಿದ್ದಕ್ಕೆ ಹುಡುಗನಿಗೆ ಮೋಸ ಹೋದೆವೇನೋ ಅಂತ ಅನುಮಾನ. ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ವಿಂಡೋಸ್ ಬದಲು ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿ, ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿದೆ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಇಲ್ಲಿ ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಒಂದೇ ಕಡೆ. ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹಾಗಾಗಿ ಎರಡೂ ಡಿಸ್ಕುಗಳ ಸೀರಿಯಲ್ ನಂಬರ್ ಕಾಗದದಲ್ಲಿ ಬರೆದು, ಪರದೆಯ ಮೇಲಿನದರೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆ. ರಾತ್ರಿಯಿಡೀ ಓಡಿತು. ಈ ಸಲ ಯುಪಿಎಸ್ ಇತ್ತು.

ಬೆಳಿಗ್ಗೆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಎಂಬ ರಿಪೇರಿ ಪ್ರೋಗ್ರಾಂ ಹಚ್ಚಿದೆ. ಈ ಡಿಸ್ಕಿನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. ಅದು ತನ್ನ ಬೂಟ್ ಸೆಕ್ಟರಿನ, ಅಂದರೆ ಪುಸ್ತಕದ ಆ ಮೊದಲ ಹಾಳೆಯ, ಒಂದು ಪ್ರತಿಯನ್ನು ಪಾರ್ಟಿಶನ್ನಿನ (ಡಿಸ್ಕಿನಲ್ಲಿ ಅದಕ್ಕೆ ಕೊಟ್ಟ ಜಾಗದ) ಕೊನೆಯಲ್ಲಿ ಇಟ್ಟಿರುತ್ತದೆ. ನಮ್ಮ ಪುಣ್ಯಕ್ಕೆ ಅದು ಚೆನ್ನಾಗಿತ್ತು. ಅದನ್ನು ಮುಂದಕ್ಕೆ ಬರೆಸಿದ್ದೇ ಫೋಲ್ಡರುಗಳೆಲ್ಲ ಹೆಸರು ಸಮೇತ ಬಂದವು.

ಒಂದೊಂದೇ ತೆರೆದು ನೋಡಿದೆ. ರಥ ಬಿಡಕಿಬಯಲಿಗೆ ಹೊರಟ ವಿಡಿಯೋದಲ್ಲಿ ಕೆಲವು ಸೆಕೆಂಡು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮಿಕ್ಕದ್ದೆಲ್ಲ ಸರಿಯಾಗಿದೆ. ಈಗ ಅದರ ಇನ್ನೊಂದು ಪ್ರತಿ ಕುಮಟಾದ ಅಕ್ಕನ ಮನೆಯಲ್ಲಿದೆ.